ಓಡಿಹೋದವನ ಪರ ನನ್ನ ವಕಾಲತ್ತು

ಇಲ್ಲದ ಮನುಷ್ಯನ ಪರವಾಗಿ ಇರುವ ಮನುಷ್ಯರ ಜೊತೆ ಜಗಳಾಡುತ್ತ ಹೋದರೆ ಏನೇನು ಆಗಬೇಕೋ ಅದೆಲ್ಲ ನನಗೆ ಆಗುತ್ತಲೇ ಬಂದಿದೆ. ಬಸ್ಸಿನಲ್ಲಿ ಆಗಿದೆ, ಅಡುಗೆಮನೆಯಲ್ಲಿ ಆಗಿದೆ, ತಂಗಿಯನ್ನು ನೋಡಲು ಬಂದ ಬೀಗರ ಮುಂದೆಯೂ ಆಗಿದೆ. ಇನ್ನು ಮುಂದೆ ಆಗುವುದಿಲ್ಲ ಎಂಬ ಧೈರ್ಯವೂ ನನಗಿಲ್ಲ.

ನಾನು ಹಲ್ಲಿನ ಡಾಕ್ಟರು. ಮನೆ ಧಾರವಾಡದಲ್ಲಿ, ದವಾಖಾನೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಕೊಳಗ ಬಿದ್ದ ಸದ್ದಾದರೆ ಮೇಲೆ ನನ್ನ ಪೇಶಂಟು ತನ್ನ ಹಲ್ಲೇ ಬಿತ್ತೆಂದು ಬೆಚ್ಚಿಬೀಳುತ್ತಾನೆ. ದಿನಾ ಬಸ್ಸಿನಲ್ಲಿ ಹೋಗಿ ಬರುವ ಹೊತ್ತಿನಲ್ಲಿ ಓದುವುದು ನನ್ನ ಚಟ. ಆ ಚಟವೇ ನನ್ನನ್ನು ಮೇಘಾಂಕನ ಹತ್ತಿರ ಒಯ್ದು ಬಿಟ್ಟಿತು.

ಮೇಘಾಂಕ ಎಂದರೆ 'ಯಾಳಿಗಿರಿ' ಎಂಬ ಕಾದಂಬರಿ ಸರಣಿಯೊಳಗಿನ ರಾಜಕುಮಾರ. ಸಿಂಹದ ಮೈ, ಆನೆಯ ಸೊಂಡಿಲು, ಸಾಲದ್ದಕ್ಕೆ ರೆಕ್ಕೆ ಬೇರೆ ಇರುವ ಯಾಳಿಗಳ ಬೆನ್ನೇರಿ ಯುದ್ಧ ಮಾಡುವವರ ಕಥೆ ಅದು. ಒಟ್ಟು ಏಳು ಪುಸ್ತಕ ಎಂದು ಲೇಖಕರು ಮೊದಲೇ ಹೇಳಿದ್ದರು; ಈ ಪ್ರಸಂಗಗಳ ಕಾಲಕ್ಕೆ ಆರು ಬಂದಿದ್ದವು. ಮೊದಲನೆಯದರಲ್ಲಿ ಹದಿನಾರರ ಹುಡುಗ ಮೇಘಾಂಕನನ್ನು ಕೋಟೆಯ ಉತ್ತರ ಬಾಗಿಲಿನ ಕಾವಲಿಗೆ ನಿಲ್ಲಿಸುತ್ತಾರೆ. ವೈರಿಗಳ ಯಾಳಿಗಳು ಆಕಾಶದಲ್ಲಿ ಕಂಡದ್ದೇ ತಡ, ಹುಡುಗ ಬಾಗಿಲು ಹಾಕುವುದನ್ನೂ ಮರೆತು ಓಡಿಹೋಗುತ್ತಾನೆ. ವೈರಿಗಳು ಒಳಗೆ ನುಗ್ಗುತ್ತಾರೆ. ಓದುಗರೆಲ್ಲರ ಪ್ರೀತಿಯ ಮುದುಕ, ರಾಜಕುಮಾರರ ಗುರು, ಅವರ ಕೈಯಲ್ಲಿ ಸಾಯುತ್ತಾನೆ. ಅಂದಿನಿಂದ ಓದುಗರು ಮೇಘಾಂಕನನ್ನು ಕ್ಷಮಿಸಿಲ್ಲ. ಮೇಘಾಂಕ ಅನ್ನುವುದನ್ನೇ ಬಿಟ್ಟು 'ಓಡಾಂಕ' ಅನ್ನುತ್ತಾರೆ.

ನನ್ನ ವಾದ ಇಷ್ಟೇ. ಓಡಿಹೋದ ಮೇಲೆ ಅವನು ಉಪ್ಪು ಮಾಡುವವರ ಮನೆಯಲ್ಲಿ ಆಳಾಗಿ ದುಡಿದ. ರೆಕ್ಕೆ ಮುರಿದು ಬಿದ್ದ ವೈರಿಯ ಯಾಳಿಯನ್ನು ಆರೈಕೆ ಮಾಡಿದ. ಐದನೇ ಪುಸ್ತಕದಲ್ಲಿ ಅದೇ ಬಾಗಿಲಿಗೆ ತಿರುಗಿ ಬಂದ. ಕೋಟೆಯಲ್ಲಿದ್ದ ಅವನ ಅಣ್ಣ ಒಳಗೆ ಬಿಡಲಿಲ್ಲ. ಮಳೆಗಾಲವಿಡೀ ಹೊರಗೇ ನಿಂತು ಬಾಗಿಲು ಕಾದ. ಮೊದಲನೇ ಪುಸ್ತಕದಲ್ಲಿ ಅವನಿಗೆ ಹೆದರಿಕೆ ಇತ್ತು, ಓಡಿದ. ಆರನೆಯದರಲ್ಲೂ ಹೆದರಿಕೆ ಇದೆ, ಆದರೆ ಓಡುವುದಿಲ್ಲ. ಮನುಷ್ಯ ಬೆಳೆಯುವುದೆಂದರೆ ಇದಲ್ಲದೆ ಮತ್ತೇನು?

ಇದನ್ನು ನಾನು ಹೇಳಿದಾಗಲೆಲ್ಲ ಏನಾದರೊಂದು ಆಗುತ್ತದೆ.

ಬಸ್ಸಿನಲ್ಲಿ ಪಂಚಾಯ್ತಿ

ಒಂದು ಸಂಜೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಕಾಲೇಜಿನ ಗೆಳತಿ ಫೋನ್ ಮಾಡಿದಳು. ಐದನೇ ಪುಸ್ತಕ ಆಗಷ್ಟೇ ಮುಗಿಸಿದ್ದಳು, ಮೇಘಾಂಕನನ್ನು ಬಾಯಿಗೆ ಬಂದಂತೆ ಬೈದಳು. ಬಸ್ಸಿನ ಸದ್ದಿನಲ್ಲಿ ನಾನೂ ದನಿ ಏರಿಸಿದೆ.

"ಓಡಿ ಹೋಗಿದ್ದು ಖರೇ, ನಾ ಇಲ್ಲ ಅನ್ನೂದಿಲ್ಲ. ಆದ್ರ ಈಗ ತಿರುಗಿ ಬಂದಾನಲ್ಲ? ಮಳ್ಯಾಗ ಬಾಗಲ ಹೊರಗ ನಿಂತಾನ. ಸ್ವಂತ ಅಣ್ಣ ಒಳಗ ಕರಿಯಾಕ ತಯಾರಿಲ್ಲ ಅಂದ್ರ ಇದು ಯಾವ ನ್ಯಾಯ?"

ಫೋನ್ ಇಟ್ಟಾಗ ಪಕ್ಕದ ಸೀಟಿನ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಹೆಬ್ಬಳ್ಳಿಯವಳು, ಮೆಂತ್ಯೆ ಪಲ್ಯೆ ಮಾರಿ ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಹೊರಟಿದ್ದಳು.

"ತಂಗೀ, ಓಡಿ ಹೋದಾಗ ಎಷ್ಟು ವಯಸ್ಸು ಅವಗ?"

ಯೋಚನೆ ಮಾಡದೆ ಹೇಳಿಬಿಟ್ಟೆ: "ಹದಿನಾರು ರೀ."

"ಅಯ್ಯ ಯವ್ವಾ, ಹದಿನಾರಕ್ಕ ಏನ್ ತಿಳೀತೈತಿ! ನಿನಗ ಮೈದುನ ಆಗಬೇಕೇನು?"

"ಅಲ್ಲಬೇ, ಇದು ಕತಿ."

ಅಜ್ಜಿ ನನ್ನ ಕೈ ಹಿಡಿದು ನಿಟ್ಟುಸಿರು ಬಿಟ್ಟಳು. "ಹೌದವಾ. ಎಲ್ಲಾರ ಮನ್ಯಾಗೂ ಒಂದೊಂದು ಕತಿ ಇರತೈತಿ."

ಅಷ್ಟರಲ್ಲಿ ಹಿಂದಿನ ಸೀಟಿನವರು ಮುಂದಕ್ಕೆ ಬಾಗಿದರು. "ಆ ಅಣ್ಣಂದ ತಪ್ಪು ನೋಡ್ರಿ. ಹೊಲಾ ಪಾಲು ಮಾಡೂದು ಬರತೈತಿ ಅಂತ ಒಳಗ ಕರೀವಲ್ಲ." ಅವರ ಪಕ್ಕದವರು ಒಪ್ಪಲಿಲ್ಲ. "ಓಡಿ ಹೋದಾಂವ ಮತ್ತ ಓಡಿ ಹೋಗೂದಿಲ್ಲ ಅಂತ ಏನ್ ಗ್ಯಾರಂಟಿ?" ಬಸ್ಸು ನವನಗರ ದಾಟುವಷ್ಟರಲ್ಲಿ ಎರಡು ಪಕ್ಷಗಳಾದವು. ನನ್ನ ಜನ್ಮದಲ್ಲಿ ಮೊದಲ ಸಲ ಮೇಘಾಂಕನಿಗೆ ಬಹುಮತ ಸಿಕ್ಕಿತು. ಹೀಗಾಗಿ ಅವನು ಪುಸ್ತಕದವನೆಂದು ಮತ್ತೆ ಹೇಳಲು ನನಗೆ ಮನಸ್ಸಾಗಲಿಲ್ಲ.

ಗದ್ದಲ ಕೇಳಿ ಕಂಡಕ್ಟರ್ ಬಂದ. ಅಜ್ಜಿಯೇ ಅವನಿಗೆ ಎಲ್ಲವನ್ನೂ ವಿವರಿಸಿದಳು. ಅವನು ಮರುಗಿದ.

"ಈಗ ಯಾವ ಊರಾಗ ಅದಾನ್ರಿ ಅಕ್ಕಾರ?"

"ಯಾಳಿಗಿರಿಯೊಳಗ," ಎಂದೆ ಮೆಲ್ಲಗೆ.

ಕಂಡಕ್ಟರ್ ತಲೆ ಕೆರೆದುಕೊಂಡ. "ಆ ಕಡೆ ನಮ್ಮ ಡಿಪೋ ಗಾಡಿ ಇಲ್ರಿ. ಹಳೇ ಬಸ್ ಸ್ಟ್ಯಾಂಡಿನ್ಯಾಗ ವಿಚಾರಸ್ರಿ, ರಾತ್ರಿ ಹೋಗಿ ಅಲ್ಲೇ ಉಳಿಯೂ ಒಂದು ವಸ್ತಿ ಗಾಡಿ ಇದ್ರೂ ಇರಬಹುದು."

ಅತ್ತೆಯ ತೀರ್ಪು

ನಮ್ಮ ಅತ್ತೆ ಅರಳೆ ವ್ಯಾಪಾರದ ಮನೆತನದವರು. ಬೆಳಿಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವವರಲ್ಲ. ಕಣ್ಣಿಗೆ ಪೊರೆ ಬಂದು ಓದುವುದು ನಿಂತಮೇಲೆ, ಅವರು ರೊಟ್ಟಿ ಬಡಿಯುವ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ನಾನು ಯಾಳಿಗಿರಿಯ ಕಥೆ ಹೇಳುವುದು ರೂಢಿಯಾಯಿತು. ಕಥೆ ಬಿಸಿಯಾದಂತೆ ರೊಟ್ಟಿ ದೊಡ್ಡದಾಗುತ್ತಿತ್ತು. ಯುದ್ಧದ ದಿನಗಳಲ್ಲಿ ಹಂಚಿನ ಅಂಚು ದಾಟಿ ಹೋಗುತ್ತಿತ್ತು.

ಗುರು ಸತ್ತ ದಿನ ಅವರು ಮೇಘಾಂಕನಿಗೆ ಹಾಕಿದ ಶಾಪ ಇಲ್ಲಿ ಬರೆಯುವಂಥದಲ್ಲ. ಆದರೆ ಅವನು ಬಾಗಿಲ ಹೊರಗೆ ನಿಂತ ಅಧ್ಯಾಯ ಶುರುವಾದ ಮೇಲೆ ದಿನಾ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದವರೇ ಮೊದಲು ಕೇಳುತ್ತಿದ್ದದ್ದು, "ಇನ್ನೂ ನಿಂತಾನೇನವಾ ಹೊರಗ?"

"ನಿಂತಾನ್ರಿ ಅತ್ತಿ."

"ಊಟ ಗೀಟ?"

"ಉಪ್ಪಿನವರ ಮಗಳು ತಂದು ಕೊಡತಾಳ್ರಿ."

ಒಂದು ದಿನ ಅವರ ಕೈ ರೊಟ್ಟಿಯ ಮೇಲೇ ನಿಂತುಬಿಟ್ಟಿತು. "ನೋಡವಾ, ತಪ್ಪು ಮಾಡಿದಾಂವ ತಿರುಗಿ ಬಂದು ಬಾಗಲಾ ಬಡದ್ರ, ಪರೀಕ್ಷಾ ಅವಂದಲ್ಲ. ಅವಂದು ಮುಗದೈತಿ. ಇನ್ನ ಪರೀಕ್ಷಾ ಒಳಗಿದ್ದವರದು."

ನನ್ನ ಕಣ್ಣಲ್ಲಿ ನೀರೇ ಬಂತು. ಇಷ್ಟು ವರ್ಷ ನಾನು ಪುಟಗಟ್ಟಲೆ ಹೇಳಿದ್ದನ್ನು ಇವರು ಹಿಟ್ಟಿನ ಕೈಯಲ್ಲಿ ಎರಡು ಮಾತಿನಲ್ಲಿ ಹೇಳಿದ್ದರು. ಕೊನೆಗೂ ನನಗೊಬ್ಬರು ಸಿಕ್ಕರು ಎಂದು ಅವರ ಕೈ ಹಿಡಿದೆ. "ಹಂಗಾರ ಅಂವ ಸುಧಾರಿಸ್ಯಾನ ಅಂತ ಒಪ್ತೀರಿಲ್ಲೋ ಅತ್ತಿ?"

"ಎಲ್ಲಿ ಸುಧಾರಿಸ್ಯಾನ? ಇನ್ನೂ ಲಗ್ನಾ ಎಲ್ಲಿ ಆಗೇತಿ?" ಎಂದು ಅತ್ತೆ ರೊಟ್ಟಿಯನ್ನು ಹಂಚಿಗೆ ಹಾಕಿದರು. "ಉಪ್ಪಿನವರ ಹುಡುಗಿನ್ನ ಕೊಟ್ಟು ಗಂಟು ಹಾಕಂತ ಹೇಳು ಅದನ್ನ ಬರದಾವಗ. ಆ ಹುಡುಗಿ ಮಾಡಿದ ಸಾರಿನ್ಯಾಗ ಉಪ್ಪು ಹೆಚ್ಚುಕಮ್ಮಿ ಅಂತೂ ಆಗೂದಿಲ್ಲ."

ಪ್ರೊಫೆಸರರ ಬಾವು

ಧಾರವಾಡದಲ್ಲಿ ನಮ್ಮದೊಂದು ಓದುಗರ ಬಳಗವಿದೆ. ಭಾನುವಾರ ಬೆಳಿಗ್ಗೆ ನಿವೃತ್ತ ಪ್ರೊಫೆಸರೊಬ್ಬರ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ಗಿರಮಿಟ್ಟು, ಚಹಾ, ಆಮೇಲೆ ಜಗಳ. ಪ್ರೊಫೆಸರರು ಜೀವಮಾನವೆಲ್ಲ ಪಾಠ ಹೇಳಿದವರು. ಕಥೆಯಲ್ಲಿ ಮಾಸ್ತರನೊಬ್ಬ ಸತ್ತರೆ ಅವರಿಗೆ ಅದು ಮನೆಯ ಸಾವು.

ಆರನೇ ಪುಸ್ತಕದ ಚರ್ಚೆಯ ದಿನ ನಾನು ಎದ್ದು ನಿಂತು ಮೇಘಾಂಕನ ಬೆಳವಣಿಗೆಯನ್ನು ಮೊದಲಿನಿಂದ ಬಿಡಿಸಿ ಹೇಳಿದೆ. ಚಹಾ ಎರಡನೇ ಸಲ ಬಂದಾಗಲೂ ನಾನು ಮೂರನೇ ಪುಸ್ತಕದಲ್ಲೇ ಇದ್ದೆ. ಪ್ರೊಫೆಸರರು ಬಿಗಿದ ಮುಖದಿಂದ ಕೇಳಿದರು. ಕೊನೆಗೆ ಎದ್ದರು.

"ಡಾಕ್ಟರ್, ನೀವು ಜಾಣರು. ಆದ್ರ ಗುರುವಿನ ಸಾವಿಗೆ ಕಾರಣ ಆದಾಂವನ ಪರ ಮಾತಾಡೋರಿಗೆ ನಾನು ಇನ್ನ ಮ್ಯಾಲೆ ಹಲ್ಲು ತೋರ್ಸೂದಿಲ್ಲ!"

ಎಲ್ಲರೂ ನಕ್ಕರು. ಆದರೆ ಅವರು ನಿಜಕ್ಕೂ ಹಾಗೇ ಮಾಡಿದರು. ಅವರ ಬಾಯಿಯ ಪ್ರತಿಯೊಂದು ಹಲ್ಲೂ ನನಗೆ ಪರಿಚಿತ. ಅಂಥವರು ಬೇರೆ ಡಾಕ್ಟರ ಹತ್ತಿರ ಹೋಗತೊಡಗಿದರು. ದಾರಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟಿಬಿಡುವರು. ನಗೆಯ ಮಾತಿಗೆ ಇಷ್ಟು ಹಳೆಯ ಸ್ನೇಹ ಹೋಯಿತಲ್ಲ ಎಂದು ನನಗೆ ಖರೇನೇ ಬೇಸರವಾಯಿತು.

ಒಂದು ಮಳೆಯ ಮಧ್ಯಾಹ್ನ ದವಾಖಾನೆಯ ಮೆಟ್ಟಿಲ ಮೇಲೆ ಗಲಾಟೆ ಕೇಳಿಸಿತು. ನಮ್ಮಲ್ಲಿ ಬಹಳ ವರ್ಷದಿಂದ ಕೆಲಸಕ್ಕಿರುವ ಅಕ್ಕ ಒಬ್ಬರಿದ್ದಾರೆ. ಪೇಶಂಟುಗಳನ್ನು ಸರದಿಯಲ್ಲಿ ಕೂಡಿಸುವುದು ಅವರ ಕೆಲಸ. ಅಕ್ಕ ಗದರುತ್ತಿದ್ದರು: "ನಂಬರ್ ಹಚ್ಚಿಲ್ಲ ಅಂದ್ರ ಹೊರಗ ನಿಲ್ರಿ!"

ಇಣುಕಿ ನೋಡಿದೆ. ಪ್ರೊಫೆಸರರು! ತಲೆಯಿಂದ ನೀರು ಸೋರುತ್ತಿತ್ತು. ಬಲಗೆನ್ನೆ ಬಾತು ಕಡುಬಿನಂತಾಗಿತ್ತು. ಅವರು ಈಗ ತೋರಿಸುತ್ತಿದ್ದ ಆ ಬೇರೆ ಡಾಕ್ಟರು ರಜೆಯ ಮೇಲೆ ಹೋಗಿದ್ದರಂತೆ.

"ಡಾಕ್ಟರ್," ಎಂದರು ಅರ್ಧ ಬಾಯಲ್ಲಿ, "ಮಳ್ಯಾಗ ನಿಂತೇನಿ. ಬಾಗಲಾ ತಗೀತೀರೋ, ಇಲ್ಲಾ ನಾನೂ ಒಂದು ಮಳೆಗಾಲ ಕಾಯಬೇಕೋ?"

ಓಡಿಹೋಗಿ ಒಳಗೆ ಕರೆತಂದೆ. ಕೀವು ತೆಗೆದು, ಗುಳಿಗೆ ಕೊಟ್ಟು, ನೋವು ಇಳಿದ ಮೇಲೆ ಅವರ ಕಣ್ಣಲ್ಲಿ ಹಳೆಯ ಪ್ರೀತಿ ಕಂಡಿತು. ಇದೇ ಸಮಯವೆಂದು ಕೇಳಿದೆ: "ಸರ್, ಸಿಟ್ಟು ಬಿಟ್ಟು ತಿರುಗಿ ಬಂದ್ರಿ. ಇದೂ ಒಂದು ಬೆಳವಣಿಗಿ ಅಲ್ಲೇನ್ರಿ?"

ಪ್ರೊಫೆಸರರು ಕೆನ್ನೆ ಮುಟ್ಟಿ ನೋಡಿಕೊಂಡರು. "ಇದು ಬೆಳವಣಿಗಿ ಅಲ್ಲ ಡಾಕ್ಟರ್, ಬಾವು. ಎರಡರ ನಡುವಿನ ಫರಕು ನಿಮಗ ಗೊತ್ತಾಗವಲ್ದು ಅನ್ನೂದ ನನ್ನ ತಕರಾರು."

ಜಾತಕಕ್ಕಿಂತ ಮಿಗಿಲು

ತವರಿನಲ್ಲಿ ನನ್ನ ತಂಗಿಗೆ ವರ ನೋಡುತ್ತಿದ್ದ ಕಾಲ. ಬಂದವರು ಬಹಳ, ಕೂಡಿಬಂದದ್ದು ಒಂದೂ ಇಲ್ಲ. ಕೆಲವರನ್ನು ಅವಳು ಒಲ್ಲೆ ಎಂದಳು, ಕೆಲವರು ಅವಳನ್ನು ಒಲ್ಲೆ ಎಂದರು. ಅಮ್ಮ ಪ್ರತಿಯೊಂದು ಸೋಮವಾರ ಉಪವಾಸ ಶುರು ಮಾಡಿದ್ದಳು. ತಂಗಿಯೋ, "ಇನ್ನೊಮ್ಮೆ ಉಪ್ಪಿಟ್ಟಿನ ತಾಟು ಹಿಡಕೊಂಡು ಹೊರಗ ಬರೂದಿಲ್ಲ" ಎಂದು ಹಟ ಹಿಡಿದಿದ್ದಳು.

ಕಡೆಗೆ ಒಬ್ಬ ಹುಡುಗ ಬರುವುದೆಂದಾಯಿತು. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪಂಪು ಮಾಡುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಅಮ್ಮ ಬೆಳಿಗ್ಗೆಯೇ ನನ್ನನ್ನು ಅಡುಗೆಮನೆಗೆ ಕರೆದು ತಾಕೀತು ಮಾಡಿದಳು.

"ಆ ನಿನ್ನ ಮೇಘಾಂಕನ ಹೆಸರು ಇವತ್ತು ಈ ಮನ್ಯಾಗ ಬರಬಾರದು. ಕನ್ಯಾ ನೋಡಾಕ ಬಂದವರ ಮುಂದ 'ಓಡಿ ಹೋದ, ಓಡಿ ಹೋದ' ಅಂದ್ರ ಅವರು ಏನ್ ತಿಳಕೋಬೇಕು?"

ಆಣೆ ಮಾಡಿದೆ. ಬೀಗರು ಬಂದರು. ಹುಡುಗ ಗೋಡೆ ನೋಡುತ್ತಿದ್ದ, ತಂಗಿ ನೆಲ ನೋಡುತ್ತಿದ್ದಳು, ಉಳಿದವರು ಫ್ಯಾನು ನೋಡುತ್ತಿದ್ದೆವು. ಕೊನೆಗೆ ಅಪ್ಪ ಕೇಳಿದರು: "ಕೆಲಸ ಬಿಟ್ಟ ಮ್ಯಾಲೆ ಏನ್ ಮಾಡ್ತೀರಿ?"

"ಪುಸ್ತಕ ಓದ್ತೇನ್ರಿ. ಈಗ ಯಾಳಿಗಿರಿ ಓದಾಕತ್ತೇನಿ."

ಅಮ್ಮನ ಕೈಯೊಳಗಿನ ಕಪ್ಪುಗಳು ಕಣಕಣ ಎಂದವು. ನಾನು ತುಟಿ ಕಚ್ಚಿ ಕೂತೆ. ಹುಡುಗ ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಎಲ್ಲಾ ಛಲೋ ಅದಾವ್ರಿ, ಆ ಮೇಘಾಂಕ ಒಬ್ಬನ್ನ ಬಿಟ್ಟು. ಅಂವ ಏನ್ ಮನಷ್ಯಾನ್ರಿ?"

ಮುಂದಿನದಕ್ಕೆ ನಾನು ಹೊಣೆಯಲ್ಲ. ಬಾಯಿ ತಾನಾಗಿ ತೆರೆಯಿತು. ನಾನು ಉಪ್ಪಿನ ಮನೆ ಎಂದೆ. ಅವನು ಗುರುವಿನ ಸಾವು ಎಂದ. ನಾನು ಮುರಿದ ರೆಕ್ಕೆ ಎಂದೆ. ಅವನು ಮೂರನೇ ಪುಸ್ತಕದಲ್ಲಿ ಮೇಘಾಂಕ ಹೇಳಿದ ಸುಳ್ಳು ಎಂದ. ಉಪ್ಪಿಟ್ಟು ಆರಿತು. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪ ಕೆಮ್ಮಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಶುರು ಮಾಡಿದಳು. ತಂಗಿಯ ಈ ಸಂಬಂಧವನ್ನೂ ನಾನೇ ಕೆಡಿಸಿದೆನಲ್ಲ!

ಆಗ ನೆಲ ನೋಡುತ್ತಿದ್ದ ತಂಗಿ ತಲೆ ಎತ್ತಿದಳು.

"ಅಕ್ಕಾ, ಸಾಕು ಮಾಡು! ಉಣ್ಣಾಕ ಕೂತ್ರೂ ಮೇಘಾಂಕ, ಸಂತಿಗೆ ಹೋದ್ರೂ ಮೇಘಾಂಕ. ನಾ ಆ ಪುಸ್ತಕದ್ದು ಒಂದು ಪುಟಾನೂ ಓದಿಲ್ಲ. ಆದ್ರ ಅಂವ ಎದುರಿಗೆ ಸಿಕ್ಕ ಅಂದ್ರ ನಾನ ಲಟ್ಟಣಿಗಿ ತಗೊಂಡು ಹೊಡೀತೇನಿ!"

ಹುಡುಗ ಮೊದಲ ಸಲ ಗೋಡೆ ಬಿಟ್ಟು ಅವಳ ಕಡೆ ನೋಡಿದ. ಮುಖ ಅರಳಿತು. "ನನ್ನೂ ಕರೀರಿ. ಅಂವ ಓಡಾಕತ್ರ ಹಿಡಿಯಾಕ ಒಬ್ಬರು ಬೇಕಾಗತೈತಿ."

ಇಬ್ಬರೂ ಮಾಳಿಗೆಯ ಮೇಲೆ ಮಾತಾಡಲು ಹೋದರು. ಇಳಿದು ಬಂದಾಗ ಹುಡುಗನ ಕೈಯಲ್ಲಿ ತಂಗಿಯ ಫೋನ್ ನಂಬರಿತ್ತು. ಅಮ್ಮ ಮತ್ತೆ ಅತ್ತಳು, ಈ ಸಲ ಬೇರೆ ಕಾರಣಕ್ಕೆ. ಹೊರಡುವಾಗ ಹುಡುಗನ ತಾಯಿ ಅಮ್ಮನ ಎರಡೂ ಕೈ ಹಿಡಿದುಕೊಂಡರು.

"ನಮ್ಮ ಹುಡುಗ ಯಾರ ಕೂಡನೂ ಹಿಂಗ ನಕ್ಕಿದ್ದಿಲ್ರಿ. ಆ ಮೇಘಾಂಕ ಅನ್ನೋರು ಯಾರೋ, ಅವರನ್ನ ಲಗ್ನಕ್ಕ ಮರೀದ ಕರೀರಿ. ಸಂಬಂಧ ಕೂಡಿಸಿದವರಿಗೆ ಶಾಲು, ಧೋತರ ಆಯೇರಿ ಮಾಡಬೇಕು."

ಎದುರು ಮಾತಿಲ್ಲದ ವಾದ

ಏಳನೇ ಪುಸ್ತಕ ಬರುವ ಮೊದಲು ಯಾಳಿಗಿರಿಯ ಲೇಖಕರು ಧಾರವಾಡಕ್ಕೆ ಬಂದರು. ಮೈಸೂರು ಕಡೆಯವರು, ಮೃದು ಮಾತು, ಮೃದು ನಗೆ. ಸಭೆ ತುಂಬಿತ್ತು. ಯಾರೋ ಕೇಳಿದರು: "ಕೊನಿಗೆ ಮೇಘಾಂಕಗ ಸರಿಯಾದ ಶಿಕ್ಷಾ ಆಗತೈತೇನ್ರಿ?"

ಲೇಖಕರು ಮುಗುಳ್ನಕ್ಕರು. "ಓದುಗರಿಗೆ ನಿರಾಸೆ ಮಾಡಲ್ಲ. ಅವನು ಕೊನೆಯ ಅಧ್ಯಾಯ ನೋಡಲಾರ ಅನ್ನಿಸುತ್ತೆ."

ಸಭೆ ಚಪ್ಪಾಳೆ ಹೊಡೆಯಿತು. ಆರು ಪುಸ್ತಕ ಅವನ ಜೊತೆ ನಡೆದವಳು ನಾನು. ಎದ್ದು ನಿಂತೆ.

"ಸರ್, ಆರನೇ ಪುಸ್ತಕದಲ್ಲಿ ಅವನ ಎಡಗೈ ನಡುಗುತ್ತದೆ. ಕತ್ತಿ ಹಿಡಿದ ಬಲಗೈ ಅಲ್ಲ, ಎಡಗೈ. ಹೆದರಿಕೆ ಇನ್ನೂ ಒಳಗಿದೆ, ಆದರೆ ಕತ್ತಿಯ ತನಕ ಬರದಂತೆ ಅವನು ತಡೆದಿದ್ದಾನೆ. ಇಷ್ಟು ಸೂಕ್ಷ್ಮವಾಗಿ ಬೆಳೆಸಿದವನನ್ನು ನೀವೇ ಕೊಲ್ಲುತ್ತೀರಾ?"

ಲೇಖಕರು ಕನ್ನಡಕ ಸರಿಪಡಿಸಿಕೊಂಡರು. "ಎಡಗೈ ಅಂತಿದೆಯಾ? ನಾನು ಬಲಗೈ ಅಂತಲೇ ಬರೆದಿದ್ದೆ. ಅಚ್ಚಿನ ತಪ್ಪಿರಬೇಕು."

ಸಭೆ ನಕ್ಕ ನಗುವಿಗೆ ಕಿಟಕಿಯ ಗಾಜು ಅದುರಿತು. ನಾನು ಕೂತೆ. ನನ್ನ ಕಿವಿ ಎಷ್ಟು ಬಿಸಿಯಾಗಿತ್ತೆಂದರೆ ಅದರ ಮೇಲೆ ಹಪ್ಪಳ ಸುಡಬಹುದಿತ್ತು.

ಸಭೆ ಮುಗಿದು ಚಹಾದ ಹೊತ್ತು. ಅತಿಥಿಗಳಿಗೆಂದು ಕರದಂಟು ತರಿಸಿದ್ದರು. ಲೇಖಕರು ಒಂದು ತುಂಡು ಬಾಯಿಗಿಟ್ಟು ಬಲವಾಗಿ ಕಚ್ಚಿದರು. ಅಂಟಿನ ಜೊತೆ ಅವರ ದವಡೆ ಹಲ್ಲಿಗೆ ತುಂಬಿದ್ದ ಹಳೆಯ ಸಿಮೆಂಟೂ ಕಿತ್ತು ಬಂತು. ಕೆನ್ನೆ ಹಿಡಿದು ಕೂಗಿಕೊಂಡರು.

ಸಂಘಟಕರು ಗಾಬರಿಯಾಗಿ ಮೈಕು ಹಿಡಿದರು. "ಇಲ್ಲೆ ಯಾರರ ಹಲ್ಲಿನ ಡಾಕ್ಟರ್ ಅದೀರೇನ್ರಿ?"

ಇಡೀ ಸಭೆ ಒಟ್ಟಿಗೆ ನನ್ನ ಕಡೆ ತಿರುಗಿತು. ಎಲ್ಲರ ನೋಟದ ಜಾಡು ಹಿಡಿದು ಕೊನೆಗೆ ಲೇಖಕರೂ ತಿರುಗಿದರು. ನಾನೆಂದು ಕಂಡಾಗ ಅವರ ಮುಖದಲ್ಲಿ ಕಂಡ ಭಾವವನ್ನು ಅವರೇ ಬರೆಯಬೇಕು, ನನ್ನ ಕೈಲಾಗದು.

ಹೇಗೂ ಅವರ ರೈಲು ಹುಬ್ಬಳ್ಳಿಯಿಂದಲೇ ಇತ್ತು. ಸಂಘಟಕರ ಕಾರಿನಲ್ಲಿ ದುರ್ಗದಬೈಲಿಗೆ ಕರೆತಂದು ಕುರ್ಚಿಯಲ್ಲಿ ಒರಗಿಸಿದೆವು. ಅಕ್ಕನಿಗೂ ಫೋನ್ ಮಾಡಿ ಬರಹೇಳಿದ್ದೆ. ಜೋಮು ಹಿಡಿಯುವ ಇಂಜೆಕ್ಷನ್ ಕೊಟ್ಟೆ. ಎರಡೂ ಬದಿಗೆ ಹತ್ತಿಯ ಉಂಡೆ ಇಟ್ಟೆ. ಎಂಜಲು ಎಳೆಯುವ ಕೊಳವೆ ಹಾಕಿದೆ. ಡಾಕ್ಟರಾಗಿ ಮಾಡಬೇಕಾದ ಒಂದನ್ನೂ ಬಿಡಲಿಲ್ಲ. ಹಲ್ಲು ಜೋಮು ಹಿಡಿಯುವ ತನಕ ಸುಮ್ಮನೆ ಕೂರುವುದು ನನ್ನ ಸ್ವಭಾವವಲ್ಲ.

"ಸರ್, ಅಚ್ಚಿನ ತಪ್ಪೇ ಇರಲಿ," ಎಂದು ಶುರು ಮಾಡಿದೆ. "ಮೊದಲನೇ ಪುಸ್ತಕದಿಂದ ನೋಡೋಣ."

ಅವರು "ಆ... ಆ..." ಎಂದರು.

"ಹೌದು, ಗುರು ಸತ್ತರು. ಅಲ್ಲಿಗೂ ಬರುತ್ತೇನೆ," ಎಂದೆ.

ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನ ವಾದವನ್ನು ಒಬ್ಬರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಉಪ್ಪಿನ ಮನೆ, ಮುರಿದ ರೆಕ್ಕೆ, ಮಳೆಗಾಲದ ಬಾಗಿಲು, ಎಲ್ಲ ಆಯಿತು. ಅಷ್ಟರಲ್ಲಿ ಹಲ್ಲೂ ಜೋಮು ಹಿಡಿದಿತ್ತು. ಕೊರೆಯುವ ಯಂತ್ರವನ್ನು ಕೈಗೆತ್ತಿಕೊಂಡೆ. ಅದು ಗುಂಯ್ ಎನ್ನತೊಡಗಿದಾಗಲೇ ಕೊನೆಯ ಪ್ರಶ್ನೆ ನೆನಪಾದದ್ದು ಬರೀ ಕಾಕತಾಳೀಯ.

"ಅಂದಮೇಲೆ ಸರ್, ಮೇಘಾಂಕನನ್ನು ಕೊಲ್ಲುತ್ತೀರಾ?"

ಲೇಖಕರು ಯಂತ್ರ ನೋಡಿದರು. ನನ್ನನ್ನು ನೋಡಿದರು. ಜೋರಾಗಿ ಅಡ್ಡಡ್ಡ ತಲೆಯಾಡಿಸಿದರು.

ಅಕ್ಕನಿಗೆ ಸಿಟ್ಟು ಬಂತು. "ಹಿಂಗ ತಲಿ ಅಲ್ಲಾಡಿಸಿದ್ರ ಹಲ್ಲು ಹೆಂಗ ತುಂಬಬೇಕ್ರಿ ಡಾಕ್ಟರ್ರು? ಡಾಕ್ಟರ್ ಬಾಯಾರ, ನಾ ಇವರ ತಲಿ ಒತ್ತಿ ಹಿಡೀಲ್ಯಾ?"

ಲೇಖಕರು ಇನ್ನೂ ಜೋರಾಗಿ ತಲೆಯಾಡಿಸಿದರು. ಅದು ಅಕ್ಕನಿಗೆ ಕೊಟ್ಟ ಉತ್ತರವೋ ನನಗೆ ಕೊಟ್ಟದ್ದೋ ತಿಳಿಯಲಿಲ್ಲ. ನಾನು ನನಗೇ ಎಂದುಕೊಂಡೆ. ಹಲ್ಲನ್ನು ಮಾತ್ರ ನಾಜೂಕಾಗಿ ತುಂಬಿದೆ. ಅವರು ಮರಗಟ್ಟಿದ ತುಟಿಯಲ್ಲೇ ಕೈಮುಗಿದು ರೈಲಿಗೆ ಹೋದರು.

ಏಳನೇ ಪುಸ್ತಕ ಬಂತು. ಮೇಘಾಂಕ ಸಾಯಲಿಲ್ಲ. ಅಣ್ಣನೇ ಕೆಳಗಿಳಿದು ಬಂದು ಬಾಗಿಲು ತೆರೆದ. ಕೊನೆಯ ಅಧ್ಯಾಯದಲ್ಲಿ ಮೇಘಾಂಕ ಉತ್ತರ ಬಾಗಿಲಿನ ಮುಖ್ಯ ಕಾವಲುಗಾರನಾಗಿ, ಬೆಳಗಿನ ಬಿಸಿಲಲ್ಲಿ ನಿಂತಿದ್ದ. ಬಸ್ಸಿನಲ್ಲಿ ಓದುತ್ತ ಅತ್ತುಬಿಟ್ಟೆ. ನಾಡಿನ ಓದುಗರೆಲ್ಲ ರೇಗಿಬಿದ್ದರು.

ಸಂದರ್ಶನವೊಂದರಲ್ಲಿ ಯಾರೋ ಅದನ್ನೇ ಕೇಳಿದರು: ಇಷ್ಟು ಜನ ದ್ವೇಷಿಸುವ ಪಾತ್ರವನ್ನು ಯಾಕೆ ಉಳಿಸಿದಿರಿ? ಮನೆಯವರೆಲ್ಲ ಮೊಬೈಲ್ ಸುತ್ತ ಕೂತು ನೋಡುತ್ತಿದ್ದೆವು. ಲೇಖಕರು ತಮಗರಿವಿಲ್ಲದೆಯೇ ಕೆನ್ನೆ ಸವರಿಕೊಂಡರು.

"ಧಾರವಾಡದ ಕಡೆ ಒಬ್ಬ ಓದುಗರು ಅವನ ಪರವಾಗಿ ವಾದ ಮಾಡಿದರು. ಎಂಥ ವಾದ ಅಂದರೆ, ಅವರು ಮುಗಿಸುವ ತನಕ ನನಗೆ ತೆರೆದ ಬಾಯಿ ಮುಚ್ಚಕ್ಕಾಗಲಿಲ್ಲ."